ಮನೆಯೊಳಗೆ ಬರುವ ಸಿಡಿಲು: ದೂರವಾಣಿ ಉಪಕರಣಗಳ ರಕ್ಷಣೆಯ ವಿಚಾರ



ಅಶ್ವಿನಿ, ಭರಣಿ ಮಳೆಗಳು ನಮ್ಮ ನಾಡಿಗೆ ಗುಡುಗು ಮಿಂಚುಗಳೊಡನೆಯೇ ಬರುತ್ತವೆ. ಮುಂಗಾರು ನೆಲೆಗೊಂಡ ಮೇಲೆ ಆ ಆರ್ಭಟ ತಗ್ಗಿ, ಚಿತ್ತಾ, ಸ್ವಾತಿ ಮಳೆಗಳ ಕಾಲಕ್ಕೆ ಮತ್ತೆ ಮರುಕಳಿಸುತ್ತದೆ. ಈ ಎರಡು ಋತುಸಂಧಿಗಳಲ್ಲಿ ಊರೂರಿನಲ್ಲಿಯೂ ಕೇಳಿಬರುವ ಮಾತು ಒಂದೇ: “ನಿನ್ನೆ ಸಂಜೆಯ ಸಿಡಿಲಿಗೆ ಫೋನು ಹೋಯಿತು, ಇಂಟರ್‌ನೆಟ್ ಪೆಟ್ಟಿಗೆ ಸುಟ್ಟಿತು.” ವಿಚಾರಿಸಿ ನೋಡಿದರೆ ಆ ಮನೆಯ ಮೇಲೆ ಸಿಡಿಲು ಬಿದ್ದೇ ಇರುವುದಿಲ್ಲ. ಅರ್ಧ ಮೈಲಿ ದೂರದ ತೆಂಗಿನ ಮರಕ್ಕೋ ವಿದ್ಯುತ್ ಕಂಬಕ್ಕೋ ಬಡಿದಿರುತ್ತದೆ. ಗೋಡೆಯಲ್ಲಿ ಬಿರುಕಿಲ್ಲ, ಹೆಂಚು ಒಡೆದಿಲ್ಲ. ಪೆಟ್ಟಿಗೆ ಮಾತ್ರ ಕರಕಲಾಗಿದೆ.

ಇದನ್ನು ಕೇವಲ ಹಣದ ನಷ್ಟವೆಂದು ಎಣಿಸಲಾಗದು. ಇಂದು ಅನೇಕ ಮನೆತನಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿದ್ದಾರೆ. ವೃದ್ಧ ತಾಯಿತಂದೆಗಳು ಊರಿನ ಹಿರಿಯ ಮನೆಯಲ್ಲಿ ಇಬ್ಬರೇ ಇದ್ದಾರೆ. ರಾತ್ರಿ ಎದೆನೋವು ಕಾಣಿಸಿಕೊಂಡರೆ ೧೦೮ಕ್ಕೆ ಕರೆ ಮಾಡಲು, ಮಗನಿಗೆ ಸುದ್ದಿ ತಿಳಿಸಲು ಅವರಿಗಿರುವ ಆಧಾರ ಆ ದೂರವಾಣಿಯೇ. ಅದಕ್ಕಿಂತ ಮಿಗಿಲಾಗಿ, ತಂತಿಯ ಮೂಲಕ ಉಪಕರಣವನ್ನು ಸುಡುವ ಶಕ್ತಿಯು ಅದೇ ಕ್ಷಣದಲ್ಲಿ ಅದನ್ನು ಮುಟ್ಟಿಕೊಂಡಿರುವ ಮನುಷ್ಯನನ್ನೂ ಸುಡಬಲ್ಲದು. ಆದುದರಿಂದ ಈ ವಿಷಯವನ್ನು ಎಲೆಕ್ಟ್ರೀಷಿಯನ್ನರಿಗೆ ಮಾತ್ರ ಬಿಡದೆ, ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಒಂದಿಷ್ಟು ತಿಳಿದಿರುವುದು ಒಳಿತು.

‘ವಿದ್ಯುತ್’ ಎಂಬ ಶಬ್ದ

ಸಂಸ್ಕೃತದಲ್ಲಿ ‘ವಿದ್ಯುತ್’ ಎಂದರೆ ಮೊದಲಿನಿಂದಲೂ ಮಿಂಚು ಎಂದೇ ಅರ್ಥ. ‘ದ್ಯುತ್’ ಎಂದರೆ ಹೊಳೆಯುವುದು. ವಿಶೇಷವಾಗಿ ಹೊಳೆಯುವುದು ವಿದ್ಯುತ್. ಮಿಂಚಿಗೆ ‘ಕ್ಷಣಪ್ರಭಾ’ ಎಂಬ ಹೆಸರೂ ಉಂಟು. ತಂತಿಯಲ್ಲಿ ಹರಿಯುವ ಶಕ್ತಿಗೆ ನಮ್ಮವರು ಮಿಂಚಿನ ಹೆಸರನ್ನೇ ಇಟ್ಟದ್ದು ಯುಕ್ತವಾಗಿದೆ. ಏಕೆಂದರೆ ಇವೆರಡೂ ಒಂದೇ ವಸ್ತು, ಪ್ರಮಾಣ ಮಾತ್ರ ಬೇರೆ.

ಮೋಡದೊಳಗೆ ಹಿಮದ ಹರಳುಗಳೂ ಆಲಿಕಲ್ಲಿನಂಥ ಮೃದು ಗುಂಡುಗಳೂ ಪರಸ್ಪರ ತಾಗಿ ವಿದ್ಯುದಂಶವು ಬೇರ್ಪಡುತ್ತದೆ. ಸಾಮಾನ್ಯವಾಗಿ ಮೋಡದ ಕೆಳಭಾಗದಲ್ಲಿ ಋಣಾಂಶವು ಕೂಡಿಕೊಳ್ಳುತ್ತದೆ. ಅದು ಕೋಟಿಗಟ್ಟಲೆ ವೋಲ್ಟುಗಳಿಗೆ ಏರಿದಾಗ ಗಾಳಿಯನ್ನು ಭೇದಿಸಿಕೊಂಡು ಹಂತಹಂತವಾಗಿ ನೆಲದತ್ತ ಇಳಿಯುತ್ತದೆ. ಸಾಧಾರಣ ಸಿಡಿಲೊಂದರ ಪ್ರವಾಹ ಸುಮಾರು ೩೦,೦೦೦ ಆಂಪಿಯರ್. ಅಪರೂಪಕ್ಕೆ ಎರಡು ಲಕ್ಷದವರೆಗೂ ಮುಟ್ಟುವುದುಂಟು. ನಮ್ಮ ಮನೆಯ ಒಂದು ಪ್ಲಗ್ಗಿನಲ್ಲಿ ಹರಿಯುವುದು ಐದೋ ಹದಿನೈದೋ ಆಂಪಿಯರ್ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಈ ಪ್ರವಾಹವು ತನ್ನ ಶಿಖರವನ್ನು ಮುಟ್ಟುವುದು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ. ಇದಕ್ಕೆ ಹೋಲಿಸಿದರೆ ಮನೆಯ ಫ್ಯೂಸ್ ಮತ್ತು ಎಂಸಿಬಿಗಳು ಆಮೆಗಳು. ಅವು ಕೆಲಸಕ್ಕೆ ತೊಡಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ.

ಇತಿಹಾಸ ಕಲಿಸಿದ ಪಾಠ

ಮಿಂಚು ವಿದ್ಯುತ್ತೇ ಎಂಬುದನ್ನು ಪರೀಕ್ಷಿಸುವ ಮಾರ್ಗವನ್ನು ಸೂಚಿಸಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅವರ ಸೂಚನೆಯಂತೆ ೧೭೫೨ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಎತ್ತರದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿ, ಮೋಡದಿಂದ ಕಿಡಿಗಳನ್ನು ಪಡೆಯಲಾಯಿತು. ಮರುವರ್ಷ, ೧೭೫೩ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್ಮನ್ ಎಂಬ ವಿಜ್ಞಾನಿಯು ಇಂಥದೇ ಪ್ರಯೋಗಕ್ಕೆ ಕೈಹಾಕಿದರು. ವಿದ್ಯುತ್ತನ್ನು ಅಳೆಯುವ ಉದ್ದೇಶದಿಂದ ಮಾಡಿನ ಮೇಲಿನ ಸಲಾಕೆಯಿಂದ ತಂತಿಯನ್ನು ಕೋಣೆಯೊಳಗೆ ತಂದು, ಅದನ್ನು ನೆಲಕ್ಕೆ ಜೋಡಿಸದೆ ಬಿಟ್ಟಿದ್ದರು. ಗುಡುಗು ಬಂದಾಗ ಉಪಕರಣದ ಸಮೀಪಕ್ಕೆ ಬಾಗಿದ ಅವರ ತಲೆಗೆ ವಿದ್ಯುತ್ತು ಹಾರಿ, ಅವರು ಅಲ್ಲಿಯೇ ಮಡಿದರು.

ಇದಕ್ಕೆ ಪ್ರತಿಯಾದ ಉದಾಹರಣೆ ಇಟಲಿಯ ವೆನಿಸ್ ನಗರದಲ್ಲಿದೆ. ಅಲ್ಲಿಯ ಸಂತ ಮಾರ್ಕನ ಚರ್ಚಿನ ಎತ್ತರದ ಗಂಟೆಗೋಪುರವು ಶತಮಾನಗಳ ಕಾಲ ಮತ್ತೆ ಮತ್ತೆ ಸಿಡಿಲಿಗೆ ತುತ್ತಾಗುತ್ತಿತ್ತು. ಅದಕ್ಕೆ ಮಿಂಚುವಾಹಕವನ್ನು ಅಳವಡಿಸಿ, ಅದರ ಬುಡವನ್ನು ನೆಲಕ್ಕೆ ಸೇರಿಸಿದ ಬಳಿಕ ಆ ಪೀಡೆ ನಿಂತಿತು. ಸಲಾಕೆಯು ಎರಡೆಡೆಯಲ್ಲಿಯೂ ಇತ್ತು. ಒಂದೆಡೆ ಅದು ಭೂಮಿಯನ್ನು ಮುಟ್ಟಿತ್ತು, ಇನ್ನೊಂದೆಡೆ ಮುಟ್ಟಿರಲಿಲ್ಲ. ಸಿಡಿಲಿಗೆ ಹೋಗಲು ದಾರಿ ಬೇಕು. ದಾರಿಯನ್ನು ನಾವು ಕೊಡದಿದ್ದರೆ ತಾನೇ ಮಾಡಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ೧೮೫೧ರಲ್ಲಿ ಕಲ್ಕತ್ತದಿಂದ ಡೈಮಂಡ್ ಹಾರ್ಬರಿನವರೆಗೆ ತಂತಿ ಸಂದೇಶದ ಮಾರ್ಗವು ತೊಡಗಿತು. ಬಯಲಿನಲ್ಲಿ ಮೈಲಿಗಟ್ಟಲೆ ಎಳೆದ ಲೋಹದ ತಂತಿಯು ಸಿಡಿಲಿಗೆ ಸಿದ್ಧವಾದ ಹೆದ್ದಾರಿ. ತಂತಿ ಕಚೇರಿಗಳು ೨೦೧೩ರಲ್ಲಿ ಮುಚ್ಚಿದವು. ಆದರೆ ಕಂಬದಿಂದ ಮನೆಗೆ ಇಳಿಯುವ ತಂತಿಯ ಅಪಾಯವು ಹಾಗೆಯೇ ಉಳಿದಿದೆ.

ಸಿಡಿಲು ಒಳಬರುವ ದಾರಿಗಳು

ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಕಟ್ಟಡಕ್ಕೇ ಬಡಿಯುವುದು, ಇದು ಅಪರೂಪ. ಎರಡನೆಯದು, ದೂರದಲ್ಲೆಲ್ಲೋ ವಿದ್ಯುತ್ ಅಥವಾ ದೂರವಾಣಿ ತಂತಿಗೆ ಬಡಿದು, ತಂತಿಗುಂಟ ಹರಿದು ಬರುವುದು. ಮೂರನೆಯದು ಪ್ರೇರಣೆ: ಸಿಡಿಲು ತಂತಿಯನ್ನು ಮುಟ್ಟದಿದ್ದರೂ ಅದರ ಕಾಂತಕ್ಷೇತ್ರವು ಹತ್ತಿರದ ತಂತಿಯಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದೆ. ನೂರು ಮೀಟರ್ ದೂರದಲ್ಲಿ ಬಿದ್ದ ಸಾಧಾರಣ ಸಿಡಿಲು ಕಂಬದ ಮೇಲಿನ ತಂತಿಯಲ್ಲಿ ಹತ್ತಾರು ಸಾವಿರ ವೋಲ್ಟುಗಳನ್ನು ಎಬ್ಬಿಸಬಲ್ಲದು. ಒಂದು ಕಿಲೋಮೀಟರ್ ದೂರದ್ದೂ ಕೆಲವು ಸಾವಿರ ವೋಲ್ಟುಗಳನ್ನು ಎಬ್ಬಿಸಬಲ್ಲದು. ನಾಲ್ಕನೆಯದು ನೆಲದ ಮೂಲಕ ಬರುವಂಥದು. ಇದನ್ನು ಮುಂದೆ ವಿವರಿಸುತ್ತೇನೆ.

ದೂರವಾಣಿ ತಾಮ್ರದ ತಂತಿಯಲ್ಲಿ ಸಹಜವಾಗಿ ಇರುವುದು ೪೮ ವೋಲ್ಟ್. ಗಂಟೆ ಬಾರಿಸುವಾಗ ಸುಮಾರು ೭೫ ವೋಲ್ಟ್. ಮೋಡೆಮ್, ರೂಟರುಗಳ ಒಳಗಿನ ಚಿಪ್ಪುಗಳು ದುಡಿಯುವುದು ಮೂರು ಅಥವಾ ಐದು ವೋಲ್ಟಿನಲ್ಲಿ. ಹಳೆಯ ಕಾಲದ ಕಪ್ಪು ಫೋನು ಒಂದಿಷ್ಟು ಪೆಟ್ಟನ್ನು ತಾಳಿಕೊಳ್ಳುತ್ತಿತ್ತು. ಇಂದಿನ ಸೂಕ್ಷ್ಮ ಉಪಕರಣಗಳಿಗೆ ಆ ಸಹನೆ ಇಲ್ಲ.

ಎರಡು ಭೂಸಂಪರ್ಕಗಳ ದೋಷ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರ್ಥಿಂಗ್ ಮಾಡಿಸಿದ ಮನೆಗಳಲ್ಲಿಯೂ ಉಪಕರಣಗಳು ಸುಡುವುದೇಕೆ? ಈ ಪ್ರಶ್ನೆಯೇ ಪ್ರಸ್ತುತ ಲೇಖನದ ಮುಖ್ಯ ವಿಚಾರ.

ದೂರದರ್ಶನವಾಗಲಿ, ಮೋಡೆಮ್ ಆಗಲಿ, ಸುಟ್ಟುಹೋಗುವ ಪೆಟ್ಟಿಗೆಗಳನ್ನು ಗಮನಿಸಿ. ಅವುಗಳಲ್ಲಿ ಹೆಚ್ಚಿನವು ಎರಡು ತಂತಿಗಳಿಗೆ ಅಂಟಿಕೊಂಡಿರುತ್ತವೆ: ಒಂದು ವಿದ್ಯುತ್ತಿನದು, ಇನ್ನೊಂದು ದೂರವಾಣಿ, ಕೇಬಲ್ ಅಥವಾ ಡಿಶ್‌ನದು. ಮಿಕ್ಸರ್, ಫ್ಯಾನುಗಳಿಗೆ ಇರುವುದು ಒಂದೇ ತಂತಿ; ಅವು ಅಷ್ಟಾಗಿ ಸುಡುವುದಿಲ್ಲ. ವಿದ್ಯುತ್ ಪ್ರವಾಹವು ಹರಿಯುವುದು ಎರಡು ಕಡೆಗಳ ನಡುವಿನ ವೋಲ್ಟಿನ ವ್ಯತ್ಯಾಸದಿಂದ. ಒಂದು ತಂತಿಯಿಂದ ಒಳಬಂದ ಪೆಟ್ಟು ಇನ್ನೊಂದು ತಂತಿಯಿಂದ ಹೊರಹೋಗುವಾಗ ನಡುವಿನ ಪೆಟ್ಟಿಗೆಯೇ ಸೇತುವೆಯಾಗುತ್ತದೆ, ಸೇತುವೆ ಕುಸಿಯುತ್ತದೆ.

ಈಗ ನೆಲದ ವಿಚಾರ. ಉತ್ತಮ ಅರ್ಥಿಂಗಿನ ರೋಧವು ೧೦ ಓಮ್ ಎಂದಿಟ್ಟುಕೊಳ್ಳೋಣ. ೩೦,೦೦೦ ಆಂಪಿಯರ್ ಸಿಡಿಲು ಅದರಲ್ಲಿ ಇಳಿದರೆ, ಗುಣಿಸಿ ನೋಡಿ, ಆ ಗುಂಡಿಯ ವೋಲ್ಟು ಕ್ಷಣಕಾಲ ೩,೦೦,೦೦೦ಕ್ಕೆ ಏರುತ್ತದೆ. ಇಪ್ಪತ್ತು ಅಡಿ ದೂರದಲ್ಲಿ ದೂರವಾಣಿಗೆಂದೇ ಬೇರೆ ಗುಂಡಿ ತೋಡಿ, ಅದನ್ನು ಮೊದಲನೆಯದಕ್ಕೆ ಜೋಡಿಸದೆ ಬಿಟ್ಟಿದ್ದರೆ, ಅದು ಇಷ್ಟು ಎತ್ತರಕ್ಕೆ ಏರುವುದಿಲ್ಲ. ಈ ಎರಡು ನೆಲಗಳ ನಡುವೆ ಲಕ್ಷಾಂತರ ವೋಲ್ಟುಗಳ ವ್ಯತ್ಯಾಸ ಉಂಟಾಗಿ, ಎರಡನ್ನೂ ಮುಟ್ಟಿಕೊಂಡಿರುವ ಮೋಡೆಮ್ ಸುಟ್ಟುಹೋಗುತ್ತದೆ. ಸಿಡಿಲು ನೆಲದ ಮೂಲಕ ಬರುವುದು ಹೀಗೆ. “ಕಂಪ್ಯೂಟರಿಗೆ ಪ್ರತ್ಯೇಕ, ಶುದ್ಧವಾದ ಅರ್ಥಿಂಗ್ ಹಾಕಿಸಿ” ಎಂಬ ಸಲಹೆಯನ್ನು ಬಹಳ ಮಂದಿ ಕೇಳಿರಬಹುದು. ಪ್ರತ್ಯೇಕ ಗುಂಡಿ ತೋಡುವುದು ತಪ್ಪಲ್ಲ. ಅದನ್ನು ಮನೆಯ ಮುಖ್ಯ ಅರ್ಥಿಂಗಿಗೆ ದಪ್ಪ ತಂತಿಯಿಂದ ಜೋಡಿಸದೆ ಬಿಡುವುದು ಮಹಾದೋಷ.

ಹೈಟೆನ್ಷನ್ ತಂತಿಯ ಮೇಲೆ ಗುಬ್ಬಿಯು ನಿರ್ಭಯವಾಗಿ ಕುಳಿತಿರುತ್ತದೆ. ಅದರ ಎರಡೂ ಕಾಲುಗಳು ಒಂದೇ ವೋಲ್ಟಿನಲ್ಲಿರುವುದರಿಂದ ಅದಕ್ಕೆ ಬಾಧೆಯಿಲ್ಲ. ಮನೆಯ ಎಲ್ಲ ಲೋಹಮಾರ್ಗಗಳನ್ನು, ಅಂದರೆ ವಿದ್ಯುತ್ತಿನ ಅರ್ಥ್, ದೂರವಾಣಿಯ ಅರ್ಥ್, ಡಿಶ್‌ನ ಕಂಬ, ಕಬ್ಬಿಣದ ನೀರಿನ ಕೊಳವೆ, ಮಿಂಚುವಾಹಕ ಇವುಗಳನ್ನು ಒಂದೆಡೆ ಕೂಡಿಸಿ ಕಟ್ಟಿದರೆ, ಸಿಡಿಲು ಬಂದಾಗ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನಡುವೆ ವ್ಯತ್ಯಾಸವು ಉಳಿಯದಿದ್ದರೆ ಸುಡಲು ಕಾರಣವೂ ಉಳಿಯುವುದಿಲ್ಲ. ಸಿಡಿಲು ರಕ್ಷಣೆಗಾಗಿ ಭಾರತವೂ ಅಂಗೀಕರಿಸಿರುವ ಅಂತಾರಾಷ್ಟ್ರೀಯ ಪ್ರಮಾಣಕ ಐಇಸಿ ೬೨೩೦೫ ಇದನ್ನೇ ವಿಧಿಸುತ್ತದೆ. ಶರಣಪರಿಭಾಷೆಯಲ್ಲಿ ಹೇಳುವುದಾದರೆ ಇದು ಸಾಮರಸ್ಯದ ತತ್ತ್ವ.

ರಕ್ಷಣಾ ಸಾಧನಗಳು

ಅರ್ಥಿಂಗಿಗೆ ನೇರವಾಗಿ ಕಟ್ಟಲಾಗದ ತಂತಿಗಳೂ ಇವೆ. ವಿದ್ಯುತ್ತಿನ ಫೇಸನ್ನೋ ದೂರವಾಣಿಯ ಜೋಡಿ ತಂತಿಯನ್ನೋ ನೆಲಕ್ಕೆ ಕಟ್ಟಿದರೆ ಅವು ಕೆಲಸವನ್ನೇ ಮಾಡಲಾರವು. ಇಂಥವುಗಳಿಗೆ ಸರ್ಜ್ ಪ್ರೊಟೆಕ್ಟರ್ ಎಂಬ ದ್ವಾರಪಾಲಕ ಬೇಕು. ಸಾಮಾನ್ಯ ವೋಲ್ಟಿನಲ್ಲಿ ಅದು ಮುಚ್ಚಿದ ಬಾಗಿಲು. ವೋಲ್ಟು ಮಿತಿಮೀರಿದೊಡನೆ ನೆಲದತ್ತ ತೆರೆಯುವ ಬಾಗಿಲು.

ದೂರವಾಣಿ ತಂತಿಗೆ ಹಾಕುವ ಸಾಧನದಲ್ಲಿ ಜಡಾನಿಲ ತುಂಬಿದ ಪುಟ್ಟ ಕೊಳವೆಯೊಂದು ಇರುತ್ತದೆ. ನೂರಾರು ವೋಲ್ಟು ಮೀರಿದಾಗ ಒಳಗಿನ ಅನಿಲವು ವಾಹಕವಾಗಿ ಪೆಟ್ಟನ್ನು ನೆಲಕ್ಕೆ ಸಾಗಿಸುತ್ತದೆ. ವಿದ್ಯುತ್ ತಂತಿಗೆ ಹಾಕುವ ಸಾಧನದಲ್ಲಿ ಸತುವಿನ ಆಕ್ಸೈಡಿನ ಬಿಲ್ಲೆ ಇರುತ್ತದೆ. ಪ್ರತಿ ಪೆಟ್ಟಿಗೂ ಈ ಬಿಲ್ಲೆ ಅಷ್ಟಷ್ಟು ಸವೆಯುತ್ತದೆ. ಆದುದರಿಂದ ಒಳ್ಳೆಯ ಸಾಧನಗಳಲ್ಲಿ ಚಿಕ್ಕ ಕಿಂಡಿಯೊಂದಿದ್ದು, ಹಸಿರು ಬಣ್ಣವು ಕೆಂಪಾದರೆ ಬದಲಿಸಬೇಕೆಂದು ತಿಳಿಯಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದನೆಯದು, ಅಂಗಡಿಯಲ್ಲಿ ದೊರೆಯುವ ಸ್ಪೈಕ್ ಬಸ್ಟರನ್ನು ಅರ್ಥ್ ಇಲ್ಲದ ಪ್ಲಗ್ಗಿಗೆ ಸಿಕ್ಕಿಸಿದರೆ, ಪೆಟ್ಟನ್ನು ನೆಲಕ್ಕೆ ಸಾಗಿಸುವ ದಾರಿಯೇ ಅದಕ್ಕೆ ಇರುವುದಿಲ್ಲ. ಎರಡನೆಯದು, ಪ್ರೊಟೆಕ್ಟರಿನ ತಂತಿ ಗಿಡ್ಡವಾಗಿರಬೇಕು. ಹತ್ತು ಸಾವಿರ ಆಂಪಿಯರ್ ಪ್ರವಾಹವು ಹತ್ತು ಮೈಕ್ರೊಸೆಕೆಂಡಿನಲ್ಲಿ ಏರಿದರೆ ತಂತಿಯ ಪ್ರತಿ ಮೀಟರಿಗೂ ಸುಮಾರು ಸಾವಿರ ವೋಲ್ಟು ಹೆಚ್ಚುತ್ತದೆ. ಮೂರು ಮೀಟರ್ ತಂತಿಯನ್ನು ಸುರುಳಿ ಸುತ್ತಿ ಅಂದವಾಗಿ ಇರಿಸಿದ ಪ್ರೊಟೆಕ್ಟರಿಗಿಂತ ಅರ್ಧ ಮೀಟರಿನೊಳಗೆ ನೇರವಾಗಿ ಕಟ್ಟಿದ್ದು ಎಷ್ಟೋ ಮೇಲು.

ಸಿಡಿಲಲ್ಲದ ಸಿಡಿಲು

ಉಪಕರಣಗಳು ಸುಡುವುದಕ್ಕೆ ಸಿಡಿಲೊಂದೇ ಕಾರಣವಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬರುವ ಮಾರ್ಗದಲ್ಲಿ ನ್ಯೂಟ್ರಲ್ ತಂತಿ ಗಾಳಿಮಳೆಗೆ ಕಡಿದುಹೋದರೆ, ೨೩೦ ವೋಲ್ಟು ಬರಬೇಕಾದ ಮನೆಗೆ ೪೦೦ ವೋಲ್ಟಿನವರೆಗೂ ಬರಬಹುದು. ಕೆಲವು ಬಲ್ಬುಗಳು ವಿಪರೀತ ಪ್ರಕಾಶಿಸುವುದೂ, ಪಕ್ಕದ ಮನೆಯವು ಮಂಕಾಗುವುದೂ ಇದರ ಲಕ್ಷಣ. ಕೂಡಲೇ ಮೇನ್ ಸ್ವಿಚ್ ಆರಿಸಿ ಲೈನ್‌ಮನ್‌ಗೆ ತಿಳಿಸಬೇಕು. ಇದು ಕ್ಷಣದ ಪೆಟ್ಟಲ್ಲ, ನಿಮಿಷಗಟ್ಟಲೆ ನಿಲ್ಲುವ ಪೀಡೆ. ಸರ್ಜ್ ಪ್ರೊಟೆಕ್ಟರ್ ಇದನ್ನು ತಡೆಯಲಾರದೆ ತಾನೇ ಸುಡುತ್ತದೆ. ವೋಲ್ಟು ಮಿತಿಮೀರಿದರೆ ಸರಬರಾಜನ್ನೇ ಕಡಿಯುವ ಸಾಧನವನ್ನು ಮೀಟರ್ ಬೋರ್ಡಿನ ಬಳಿ ಹಾಕಿಸುವುದು ಇದಕ್ಕೆ ಪರಿಹಾರ. ಸ್ಟೆಬಿಲೈಜರ್ ನಿಧಾನವಾದ ಏರಿಳಿತಕ್ಕೆ ಉಪಯುಕ್ತ. ಸಿಡಿಲಿನ ವೇಗಕ್ಕೆ ಅದು ಸಮವಲ್ಲ.

ಗಾಜಿನ ತಂತಿ ಮತ್ತು ಮೊಬೈಲು

ಈಚೆಗೆ ಹಳ್ಳಿಗಳಿಗೂ ಫೈಬರ್ ಬಂದಿದೆ. ಗಾಜಿನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ದೂರವಾಣಿಯ ಕಡೆಯ ದಾರಿ ಬಹುಮಟ್ಟಿಗೆ ಮುಚ್ಚಿದೆ. ಆದರೆ ಕೆಲವು ಫೈಬರ್ ಕೇಬಲುಗಳಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುತ್ತದೆ. ಅದು ಮನೆಯೊಳಗಿನ ಪೆಟ್ಟಿಗೆಯ ತನಕ ಬರದಂತೆ ಹೊರಗೇ ನಿಲ್ಲಿಸಿ ಅರ್ಥಿಂಗಿಗೆ ಕಟ್ಟಿಸಬೇಕು. ಪೆಟ್ಟಿಗೆಯ ಅಡಾಪ್ಟರ್ ವಿದ್ಯುತ್ ಪ್ಲಗ್ಗಿನಲ್ಲಿಯೇ ಇರುವುದರಿಂದ ಆ ದಾರಿಯಂತೂ ತೆರೆದೇ ಇದೆ.

ಮೊಬೈಲು ಸಿಡಿಲನ್ನು ಸೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮನೆಯೊಳಗೆ ಕುಳಿತು ಮೊಬೈಲಿನಲ್ಲಿ ಮಾತನಾಡಿದರೆ ಅಪಾಯವಿಲ್ಲ. ಅದನ್ನು ಚಾರ್ಜಿಗೆ ಹಾಕಿಕೊಂಡು ಮಾತನಾಡಿದರೆ ಅಪಾಯವುಂಟು, ಏಕೆಂದರೆ ಆಗ ಅದಕ್ಕೂ ತಂತಿ ಇದೆ. ಬಯಲಿನಲ್ಲಿ ನಿಂತವನಿಗೆ ಅಪಾಯ ಇರುವುದು ಬಯಲಿನಿಂದ.

ಮಠ, ಮಂದಿರ, ವಿದ್ಯಾಲಯಗಳು

ಸಿದ್ಧಗಂಗೆ, ಸುತ್ತೂರು ಮೊದಲಾದ ಕ್ಷೇತ್ರಗಳ ವಿದ್ಯಾಸಂಸ್ಥೆಗಳಲ್ಲಿ ಸಾವಿರಾರು ಮಕ್ಕಳು ಆಶ್ರಯ ಪಡೆಯುತ್ತಿದ್ದಾರೆ. ಇಂಥ ವಿಶಾಲ ಆವರಣಗಳಲ್ಲಿ ಕಚೇರಿ, ಪ್ರಸಾದ ನಿಲಯ, ಶಾಲೆ ಇವುಗಳ ನಡುವೆ ಇಂಟರ್‌ಕಾಮ್, ಕ್ಯಾಮೆರಾ, ಧ್ವನಿವರ್ಧಕಗಳ ತಂತಿಗಳು ಹಾದುಹೋಗುವುದು ಸಾಮಾನ್ಯ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ಥಿಂಗ್ ಇದ್ದು, ನಡುವೆ ತಾಮ್ರದ ತಂತಿ ಹಾದಿದ್ದರೆ, ಮೇಲೆ ಹೇಳಿದ ದೋಷವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಲೋಹವಿಲ್ಲದ ಫೈಬರ್ ಹಾಕಿಸುವುದು ಇದಕ್ಕೆ ಸುಲಭ ಪರಿಹಾರ.

ಗುಡಿಯ ತಾಮ್ರದ ಕಳಸವೇ ಸಿಡಿಲಿನಿಂದ ಕಾಪಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ಕಳಸದ ಪೂಜ್ಯತೆ ಬೇರೆ ವಿಷಯ. ಕಲ್ಲು ವಿದ್ಯುತ್ತಿಗೆ ಒಳ್ಳೆಯ ವಾಹಕವಲ್ಲ; ಕಳಸದಿಂದ ನೆಲದವರೆಗೆ ಲೋಹದ ಪಟ್ಟಿ ಇಳಿಯದಿದ್ದರೆ ಅದು ಸಿಡಿಲಿಗೆ ದಾರಿಯಾಗದು. ಹಾಗೆಯೇ ಒಂದೇ ಸಲಾಕೆಯು ನೂರಾರು ಮೀಟರ್ ಸುತ್ತಳತೆಯನ್ನು ರಕ್ಷಿಸುತ್ತದೆ ಎಂದು ಹೇಳಿ ದುಬಾರಿ ಸಾಧನಗಳನ್ನು ಮಾರುವವರೂ ಇದ್ದಾರೆ. ಐಇಸಿ ೬೨೩೦೫ರ ಪ್ರಕಾರ ಸಲಾಕೆಯ ರಕ್ಷಣೆಯನ್ನು ಅದರ ವಾಸ್ತವ ಎತ್ತರ, ಆಕಾರಗಳಿಂದಲೇ ಲೆಕ್ಕಹಾಕಬೇಕು. ಹೆಚ್ಚುವರಿ ಗುಣವನ್ನು ಅದು ಒಪ್ಪುವುದಿಲ್ಲ. ಭಕ್ತರ ಕಾಣಿಕೆಯ ಹಣವನ್ನು ವೆಚ್ಚಮಾಡುವ ಮುನ್ನ ಆಡಳಿತ ಮಂಡಳಿಯವರು ಇದನ್ನು ಲಕ್ಷ್ಯದಲ್ಲಿಡಬೇಕು.

ಮನೆಯವರು ಮಾಡಬೇಕಾದುದು

೧. ಮನೆಯ ಅರ್ಥಿಂಗನ್ನು ಅರ್ಹ ಎಲೆಕ್ಟ್ರೀಷಿಯನ್ನರಿಂದ ಅಳತೆ ಮಾಡಿಸಿರಿ. ೧೦ ಓಮಿಗಿಂತ ಕಡಿಮೆ ಇರುವುದು ಒಳ್ಳೆಯದು. ಬೇಸಗೆಯಲ್ಲಿ ನೆಲ ಒಣಗಿ ರೋಧವು ಏರುವುದರಿಂದ ಗುಂಡಿಗೆ ನೀರು ಹಾಕುತ್ತಿರಬೇಕು.

೨. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಕೊಳವೆಗೆ ಕಟ್ಟುತ್ತಿದ್ದರು. ಆ ಬಳಿಕ ಪ್ಲಾಸ್ಟಿಕ್ ಕೊಳವೆ ಹಾಕಿಸಿದ್ದರೆ ನಿಮ್ಮ ಮನೆಗೆ ಈಗ ಅರ್ಥಿಂಗೇ ಇಲ್ಲದಿರಬಹುದು. ಇದನ್ನು ಅವಶ್ಯವಾಗಿ ಪರೀಕ್ಷಿಸಿರಿ.

೩. ದೂರವಾಣಿ, ಕೇಬಲ್, ಡಿಶ್‌ಗಳ ತಂತಿಗಳು ಸಾಧ್ಯವಾದಷ್ಟು ಮೀಟರ್ ಬೋರ್ಡಿನ ಸಮೀಪದಲ್ಲಿಯೇ ಒಳಬರಲಿ. ಅವುಗಳ ಅರ್ಥ್ ಒಂದೆಡೆ ಕೂಡಲಿ.

೪. ಮೀಟರ್ ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್, ದೂರವಾಣಿಯ ತಾಮ್ರದ ತಂತಿಗೆ ಒಂದು, ಉಪಕರಣದ ಬಳಿ ಒಂದು ಇರಲಿ.

೫. ಗುಡುಗಿನ ದಿನಗಳಲ್ಲಿ ಮನೆ ಬಿಟ್ಟು ಹೊರಡುವಾಗ ಪ್ಲಗ್ಗನ್ನೂ ದೂರವಾಣಿ ತಂತಿಯನ್ನೂ ಎರಡನ್ನೂ ಕಿತ್ತಿಡಿರಿ. ಸ್ವಿಚ್ ಆರಿಸುವುದಷ್ಟೇ ಸಾಲದು. ಸಾವಿರಾರು ವೋಲ್ಟುಗಳಿಗೆ ಸ್ವಿಚ್ಚಿನೊಳಗಿನ ಸಂದು ದಾಟಲಾಗದ ಕಂದಕವಲ್ಲ.

ಗುಡುಗಿನ ವೇಳೆಯಲ್ಲಿ

ಮಿಂಚು ಕಂಡ ಬಳಿಕ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಗುಡುಗು ಕೇಳಿತೆಂದರೆ ಸಿಡಿಲು ನಮ್ಮನ್ನೂ ತಲಪಬಲ್ಲಷ್ಟು ಸಮೀಪದಲ್ಲಿದೆ ಎಂದೇ ಭಾವಿಸಬೇಕು. ಆಗ ತಂತಿಯುಳ್ಳ ಫೋನನ್ನು ಎತ್ತಬಾರದು. ಪ್ಲಗ್ ಕೀಳುವುದಕ್ಕೂ ಹೋಗಬಾರದು. ಅದು ಮೋಡ ಕವಿಯುವ ಮೊದಲೇ ಮಾಡಬೇಕಾದ ಕೆಲಸ. ಪೆಟ್ಟಿಗೆ ಸುಟ್ಟರೆ ಇನ್ನೊಂದನ್ನು ತರಬಹುದು. ಸ್ನಾನವನ್ನೂ ಪಾತ್ರೆ ತೊಳೆಯುವುದನ್ನೂ ಮುಂದೂಡಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಹೊರಡಿರಿ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಮುನ್ಸೂಚನೆಯನ್ನು ಉಚಿತವಾಗಿ ನೀಡುತ್ತದೆ. ಮನೆಯ ತರುಣರು ಹಿರಿಯರ ಮೊಬೈಲಿನಲ್ಲಿ ಅದನ್ನು ಹಾಕಿಕೊಡಬಹುದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಅಂಜದೆ, ಉಸಿರು ನಿಂತಿದ್ದರೆ ತಕ್ಷಣವೇ ಎದೆಯೊತ್ತುವ ಪ್ರಥಮ ಚಿಕಿತ್ಸೆ ಮಾಡಿ ೧೦೮ಕ್ಕೆ ಕರೆ ಕಳುಹಿಸಬೇಕು.

ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯು ಗುಡುಗುಮಳೆಯ ದಿನಗಳಲ್ಲಿಯೇ ಬರುತ್ತದೆ. ಬಯಲಿನಲ್ಲಿ ಕಬ್ಬಿಣದ ಕಂಬಗಳ ಪೆಂಡಾಲು ಹಾಕಿ, ಮೈಕು ಕಟ್ಟಿ, ಸಾವಿರಾರು ಜನರನ್ನು ಕೂಡಿಸುವ ಸಮಿತಿಗಳವರು ಗುಡುಗು ಕೇಳಿದೊಡನೆ ಕಾರ್ಯಕ್ರಮವನ್ನು ನಿಲ್ಲಿಸಿ ಜನರನ್ನು ಪಕ್ಕಾ ಕಟ್ಟಡದೊಳಗೆ ಕರೆದೊಯ್ಯುವ ಏರ್ಪಾಡನ್ನು ಮುಂಚಿತವಾಗಿಯೇ ಮಾಡಿಕೊಂಡಿರಬೇಕು.

ಇನ್ನೊಂದು ವಿನಂತಿ. ಎಲೆಕ್ಟ್ರೀಷಿಯನ್ ಕಾಯಕದಲ್ಲಿರುವ, ಇಂಜಿನಿಯರಿಂಗ್ ಓದಿದ ತರುಣರು ನಮ್ಮ ಊರೂರಿನಲ್ಲಿ ಇದ್ದಾರೆ. ಅವರು ಪ್ರತಿವರ್ಷ ಬಸವ ಜಯಂತಿಗೆ ಮೊದಲು ಒಂದು ಭಾನುವಾರವನ್ನು ಮೀಸಲಿಟ್ಟು, ತಮ್ಮ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗಳ ಅರ್ಥಿಂಗನ್ನು ಪರೀಕ್ಷಿಸಿ ಕೊಡಲಿ. ಶರಣರು ಬೋಧಿಸಿದ ದಾಸೋಹವು ಅನ್ನಕ್ಕಷ್ಟೇ ಸೀಮಿತವಾದುದಲ್ಲ. ತಾನು ಬಲ್ಲ ವಿದ್ಯೆಯಿಂದ ನೆರೆಯವರನ್ನು ಕಾಯುವುದೂ ದಾಸೋಹವೇ. ಆ ಮನೆಯ ಫೋನು ಮಳೆಗಾಲವಿಡೀ ಬಾಯಿಬಿಡುತ್ತಿದ್ದರೆ ಪರದೇಶದಲ್ಲಿರುವ ಮಗನೂ ಊರಿನಲ್ಲಿರುವ ತಾಯಿಯೂ ನೆಮ್ಮದಿಯಿಂದ ನಿದ್ರಿಸುತ್ತಾರೆ.